ಗೋಡೆ ಮುಚ್ಚುವ ಮೊದಲು ಒಮ್ಮೆ ಮುಟ್ಟಿ ನೋಡಿ

ಮನೆಯಲ್ಲೇ ಕೂತು ಕೆಲಸ ಮಾಡುವ ಕೋಣೆಯನ್ನು ಕಡಿಮೆ ಖರ್ಚಿನಲ್ಲಿ ಚೆಂದ ಮಾಡೋಣ ಅಂತ ಹೊರಟಿದ್ದೀರಾ? ಹಾಗಾದರೆ ನನ್ನ ಕಥೆ ಕೇಳಿ. ಎರಡು ದಿನದಲ್ಲಿ ಮಾಡಿ ಮುಗಿಸಿದ ಕೆಲಸವನ್ನು ನಾಲ್ಕು ತಿಂಗಳಿಂದ ಬಿಚ್ಚುತ್ತಾ ಇದ್ದೇನೆ.

ಎಲ್ಲ ಶುರುವಾಗಿದ್ದು ವಿಡಿಯೋ ಮೀಟಿಂಗಿನಿಂದ. ನನ್ನ ಬೆನ್ನ ಹಿಂದಿನ ಗೋಡೆ ಕ್ಯಾಮೆರಾದಲ್ಲಿ ಅಸಹ್ಯವಾಗಿ ಕಾಣುತ್ತಿತ್ತು. ಎದೆಯೆತ್ತರದವರೆಗೆ ಕಲೆ, ಅಲ್ಲಲ್ಲಿ ಉಬ್ಬಿದ ಬಣ್ಣ, ಕೆಳಗೆ ಬಿಳಿ ಪುಡಿ. ಪುಡಿಯನ್ನು ಒರೆಸಿದರೆ ಹೋಗುತ್ತಿತ್ತು, ವಾರ ಕಳೆದರೆ ಮತ್ತೆ ಹಾಜರ್. ಹಳೇ ಸುಣ್ಣ ಉದುರುತ್ತಿರಬೇಕು ಅಂದುಕೊಂಡೆ. ಅದು ಸುಣ್ಣ ಅಲ್ಲ, ಉಪ್ಪು. ಗೋಡೆಯೊಳಗಿನ ನೀರು ಇಟ್ಟಿಗೆ, ಗಾರೆಯಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಒಳಗೆ ನೀರಿದೆ ಅಂತ ಗೋಡೆ ಇದಕ್ಕಿಂತ ಜೋರಾಗಿ ಹೇಗೆ ಹೇಳಬೇಕು!

ನಾನು ಕೇಳಿಸಿಕೊಳ್ಳಲಿಲ್ಲ. ಕೈಯಲ್ಲಿದ್ದ ದುಡ್ಡಿನಲ್ಲಿ ಮುಕ್ಕಾಲು ಪಾಲು ಆ ಒಂದೇ ಗೋಡೆಗೆ ಹೋಯಿತು. ಶನಿವಾರ ಬೆಳಗ್ಗೆ ಉಜ್ಜಿ ಬಣ್ಣ ಹೊಡೆದೆ. ಭಾನುವಾರ ಅದರ ಮೇಲೆ ಸ್ಟಿಕರ್ ವಾಲ್‌ಪೇಪರ್ ಅಂಟಿಸಿದೆ. ಮುಂದೆ ಪಾರ್ಟಿಕಲ್ ಬೋರ್ಡಿನ ಪುಸ್ತಕದ ಕಪಾಟು, ಗೋಡೆಗೆ ಒತ್ತಿಕೊಂಡೇ. ಸೋಮವಾರದ ಮೀಟಿಂಗಿನಲ್ಲಿ ಎಲ್ಲರೂ ಹೊಗಳಿದರು. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಯಿತು.

ಮೂರನೇ ವಾರ ಒಂದು ಮೂಲೆ ಕಿತ್ತು ಬಂತು. ಒತ್ತಿ ಅಂಟಿಸಿದೆ. ಮತ್ತೆ ಬಂತು. ಎರಡನೇ ತಿಂಗಳು ಕೋಣೆಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಕಿಟಕಿ ತೆಗೆದಿಟ್ಟೆ, ಸುವಾಸನೆಯ ಮೇಣದಬತ್ತಿ ಹಚ್ಚಿಟ್ಟೆ. ಕೊನೆಗೆ ಪುಸ್ತಕ ತೆಗೆಯಲು ಹೋದಾಗ ಕಪಾಟಿನ ಕೆಳಗಿನ ಹಲಗೆ ನೆನೆದ ಬಿಸ್ಕತ್ತಿನ ಹಾಗೆ ಉಬ್ಬಿದ್ದು ಕಂಡಿತು. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಸ್ಕ್ರೂ ಕೂಡ ಹಿಡಿಯುವುದಿಲ್ಲ. ಕಪಾಟು ಸರಿಸಿ ವಾಲ್‌ಪೇಪರ್ ಎಳೆದೆ. ಹಿಂದೆಲ್ಲ ಕಪ್ಪು ಬೂಷ್ಟು. ಹೊಸ ಬಣ್ಣವೂ ಹಾಳೆ ಹಾಳೆಯಾಗಿ ಜೊತೆಗೇ ಕಿತ್ತು ಬಂತು.

ನಾನು ಅಂಟಿಸಿದ್ದು ವಿನೈಲ್ ಹಾಳೆ. ಅದು ಉಸಿರಾಡುವುದಿಲ್ಲ. ಮೊದಲು ಹೇಗೋ ಆರಿಹೋಗುತ್ತಿದ್ದ ತೇವ ಅದರ ಹಿಂದೆ ಸಿಕ್ಕಿಹಾಕಿಕೊಂಡಿತು. ಬಣ್ಣದ ವಿಷಯ ಬೇರೆ. ಮುಟ್ಟಿದರೆ ಕೈಗೆ ಹತ್ತಲಿಲ್ಲ ಅಂದ ಮಾತ್ರಕ್ಕೆ ಅದು ಪೂರ್ತಿ ಗಟ್ಟಿಯಾಗಿದೆ ಅಂತಲ್ಲ. ಹೊಸ ಬಣ್ಣದ ಮೇಲೆ ಸ್ಟಿಕರ್ ಅಂಟಿಸಲು ಸುಮಾರು 4 ವಾರ ಕಾಯಿರಿ ಅಂತ ರೋಲಿನ ಜೊತೆ ಬಂದ ಚೀಟಿಯಲ್ಲೇ ಇತ್ತು. ಆ ಚೀಟಿಯನ್ನು ಓದಿದ್ದು ಎಲ್ಲ ಮುಗಿದ ಮೇಲೆ.

ಬೂಷ್ಟು ತೆಗೆಯುವಾಗ ಇನ್ನೊಂದು ದೊಡ್ಡ ತಪ್ಪು ಮಾಡುವವನಿದ್ದೆ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸ್ವಲ್ಪ ಬೆರೆಸಿದರೆ ಬೇಗ ಹೋಗುತ್ತೆ ಅಂತ ಪರಿಚಯದವರೊಬ್ಬರು ಹೇಳಿದ್ದರು. ಬಕೆಟ್ ಕೂಡ ತಂದಿಟ್ಟಿದ್ದೆ. ಅಷ್ಟರಲ್ಲಿ ತಂಗಿ ಬಂದು ಬೈದಳು. ಇವೆರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡಿದರೆ ಜೀವಕ್ಕೇ ಅಪಾಯ. ದಯವಿಟ್ಟು ಯಾರೂ ಬೆರೆಸಬೇಡಿ. ಒಣ ಬೂಷ್ಟನ್ನು ಬ್ರಷ್ಷಿನಿಂದ ಕೆರೆಯಲೂ ಬೇಡಿ, ಮನೆಯೆಲ್ಲ ಹಾರುತ್ತದೆ. ನಾನು ಮಾಸ್ಕ್, ಗ್ಲೌಸ್ ಹಾಕಿಕೊಂಡು, ಕಿಟಕಿ ತೆಗೆದಿಟ್ಟು, ಸೋಪಿನ ನೀರಲ್ಲಿ ಒದ್ದೆ ಮಾಡಿ ಒರೆಸಿದೆ.

ಆಮೇಲೆ ಪ್ಲಂಬರ್ ಬಂದು ನೋಡಿದರು. ಗೋಡೆಯ ಆಚೆ ಬದಿ ಬಚ್ಚಲುಮನೆ. ಪೈಪಿನ ಒಂದು ಜಾಯಿಂಟಿನಲ್ಲಿ ಹನಿ ಹನಿ ಸೋರಿಕೆ. ಅದನ್ನು ಸರಿಮಾಡಲು ಆದ ಖರ್ಚು ನನ್ನ ವಾಲ್‌ಪೇಪರಿನ ಅರ್ಧವೂ ಅಲ್ಲ!

ಗೋಡೆಯಲ್ಲಿ ತೇವ ಇದೆಯೋ ಇಲ್ಲವೋ ನೋಡಲು ಸುಲಭದ ದಾರಿಯೊಂದನ್ನು ಅವರೇ ಹೇಳಿಕೊಟ್ಟರು. ಅರ್ಧ ಮೀಟರ್ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಬಿಗಿಯಾಗಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಬದಿ, ಅಂದರೆ ಗೋಡೆಯ ಕಡೆ, ಹನಿ ಕಂಡರೆ ತೇವ ಗೋಡೆಯೊಳಗಿನದು. ಹೊರಬದಿ ಕಂಡರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ, ಗಾಳಿಯಾಡಲು ದಾರಿ ಮಾಡಬೇಕು. ಒಂದು ಹಾಳೆ, ಒಂದು ಟೇಪ್, ಅಷ್ಟೇ ಖರ್ಚು.

ಮುಕ್ಕಾಲು ದುಡ್ಡು ಗೋಡೆಗೆ ಹೋಯಿತಲ್ಲ, ಉಳಿದ ಕಾಲು ಭಾಗದಲ್ಲಿ ಬಂದದ್ದು ಆ ಕಪಾಟು ಮತ್ತು ಒಂದು ಅಗ್ಗದ ಬಲ್ಬು. ಕುರ್ಚಿಗೆ ಏನೂ ಉಳಿಯಲಿಲ್ಲ. ಊಟದ ಮೇಜಿನ ಕುರ್ಚಿಯನ್ನೇ ಎಳೆದು ತಂದೆ. ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ, ನಾನು ಕುಳ್ಳ. ಟೈಪ್ ಮಾಡಲು ಇಡೀ ದಿನ ಭುಜ ಎತ್ತಿಕೊಂಡೇ ಕೂರಬೇಕು. ಬಲ್ಬು ತಲೆಯ ಹಿಂದೆ, ಬರೆಯುವ ಕಡೆಗೆಲ್ಲ ನನ್ನದೇ ನೆರಳು. ನಾಲ್ಕು ಜನಕ್ಕೆ ಕಾಣುವ ಗೋಡೆಗೆ ಅಷ್ಟು ಸುರಿದು, ದಿನಕ್ಕೆ ಎಂಟು ಗಂಟೆ ನಾನು ಕೂರುವ ಜಾಗಕ್ಕೆ ಏನೂ ಇಡಲಿಲ್ಲ ಅಂದರೆ ಪೆದ್ದುತನ ಅಲ್ವಾ?

ಈಗ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಹಳೇ ಕುರ್ಚಿಯೊಂದನ್ನು ಕೊಂಡಿದ್ದೇನೆ. ಎತ್ತರಿಸಿ ಕೂತರೆ ಮೊಣಕೈ ಮೇಜಿನ ಮಟ್ಟಕ್ಕೆ ಬರುತ್ತದೆ, ಕಾಲಡಿಗೆ ಒಂದು ಗಟ್ಟಿ ಪೆಟ್ಟಿಗೆ. ಮೇಜನ್ನು ಕಿಟಕಿ ಪಕ್ಕಕ್ಕೆ ಬರುವಂತೆ ತಿರುಗಿಸಿದೆ. ಪರದೆಯ ಮೇಲೆ ಬೆಳಕು ಹೊಳೆಯುವುದೂ ನಿಂತಿತು. ಇದಕ್ಕೆ ಖರ್ಚೇ ಇಲ್ಲ.

ಗೋಡೆ ಮಾತ್ರ ಇನ್ನೂ ಬೋಳಾಗಿಯೇ ನಿಂತಿದೆ. ಗಾರೆ ಕೆತ್ತಿ ಒಣಗಲು ಬಿಟ್ಟಿದ್ದೇನೆ. ವಾರಕ್ಕೊಮ್ಮೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡುತ್ತೇನೆ. ನಿನ್ನೆ ತೆಗೆದ ಹಾಳೆಯಲ್ಲಿ ಕೆಳಗಿನ ಅಂಚಿನ ಹತ್ತಿರ ನಾಲ್ಕೈದು ಹನಿ ಇತ್ತು. ಪುಟ್ಟಿ ಹಚ್ಚುವವರಿಗೆ ಇನ್ನೂ ಎರಡು ವಾರ ತಡೆದು ಬನ್ನಿ ಅಂತ ಹೇಳಿದ್ದೇನೆ.