ಮೋಕಾ ಪಾಟ್: ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದು

ಮೋಕಾ ಪಾಟ್ ಅಂದರೆ ಒಲೆಯ ಮೇಲಿಟ್ಟು ಕಾಫಿ ಇಳಿಸುವ ಪಾತ್ರೆ. ನನ್ನದು ಅಲ್ಯೂಮಿನಿಯಂನದು, ಮೂರು ಕಪ್ಪಿನದು. ವರ್ಷಗಳಿಂದ ಹೆಚ್ಚುಕಮ್ಮಿ ದಿನಾ ಒಲೆ ಏರುತ್ತಿದೆ. ಇಲ್ಲಿಯವರೆಗೆ ಬದಲಾಯಿಸಬೇಕಾಗಿ ಬಂದದ್ದು ಗ್ಯಾಸ್ಕೆಟ್ ಒಂದೇ.

ಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಡಬ್ಬದ ಮೇಲೆ ಎಸ್ಪ್ರೆಸೊ ಅಂತ ಬರೆದಿದ್ದರೂ ಇದರಲ್ಲಿ ಬರುವುದು ನಿಜವಾದ ಎಸ್ಪ್ರೆಸೊ ಅಲ್ಲ. ಎಸ್ಪ್ರೆಸೊ ಮಾಡುವ ದೊಡ್ಡ ಮಷೀನು ಸುಮಾರು 9 ಬಾರ್ ಒತ್ತಡದಲ್ಲಿ ಕಾಫಿ ಇಳಿಸುತ್ತದೆ. ಇಲ್ಲಿ ಸಿಗುವುದು 1–2 ಬಾರ್ ಅಷ್ಟೆ. ಮೇಲೆ ದಪ್ಪ ನೊರೆ ನಿಲ್ಲುವುದಿಲ್ಲ. ಆದರೆ ಕಾಫಿ ಗಟ್ಟಿಯಾಗಿರುತ್ತದೆ, ಹಾಲು ಬೆರೆಸಿದರೂ ರುಚಿ ಮುಳುಗುವುದಿಲ್ಲ. ಇನ್ನೊಂದು, ಅಳತೆ. ಮೂರು ಕಪ್ ಅಂದರೆ ಮೂರು ಪುಟ್ಟ ಕಪ್, ಹೆಚ್ಚುಕಮ್ಮಿ 150 ಎಂ.ಎಲ್. ನೀರು. ಕಾಫಿ ಜಾಸ್ತಿ ಕುಡಿಯುವ ಒಬ್ಬರಿಗೇ ಅದು ಬೇಕಾಗುತ್ತದೆ. ದೊಡ್ಡದನ್ನು ತಂದು ಅರ್ಧ ಪುಡಿ ಹಾಕೋಣ ಅಂದರೆ ಸರಿಬರುವುದಿಲ್ಲ, ಪುಡಿಯ ಬಟ್ಟಲು ತುಂಬಿರಲೇಬೇಕು.

1933ರಲ್ಲಿ ಇಟಲಿಯ ಅಲ್ಫಾನ್ಸೊ ಬಿಯಾಲೆಟ್ಟಿ ಇದನ್ನು ಮಾರುಕಟ್ಟೆಗೆ ತಂದಾಗಿನ ಎಂಟು ಮೂಲೆಯ ಆಕಾರ ಈಗಲೂ ಹಾಗೇ ಇದೆ. ಒಳಗಿನ ಕೆಲಸವೂ ಸರಳ. ತಳದಲ್ಲಿ ನೀರು ಕಾಯುತ್ತದೆ, ಗಾಳಿ ಮತ್ತು ಹಬೆ ಹಿಗ್ಗಿ ಆ ನೀರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುತ್ತವೆ, ನೀರು ಪುಡಿಯನ್ನು ಹಾದು ಮೇಲಿನ ಪಾತ್ರೆಗೆ ಬರುತ್ತದೆ. ನೀರು ವಾಲ್ವ್‌ಗಿಂತ ಕೆಳಗೇ ಇರಲಿ (ವಾಲ್ವ್ ಅಂದರೆ ತಳದ ಪಾತ್ರೆಯ ಪಕ್ಕದಲ್ಲಿ, ಒತ್ತಡ ಹೆಚ್ಚಾದರೆ ಹಬೆ ಹೊರಬಿಡಲು ಇರುವ ಪುಟ್ಟ ಬಾಯಿ). ಪುಡಿಯನ್ನು ಒತ್ತಬೇಡಿ, ಬಟ್ಟಲು ತುಂಬಿಸಿ ಮೇಲೆ ಸಮ ಮಾಡಿದರೆ ಸಾಕು. ತೀರ ನುಣ್ಣಗಿನ ಪುಡಿಯೂ ಬೇಡ, ದಾರಿ ಕಟ್ಟಿಕೊಳ್ಳುತ್ತದೆ.

ರುಚಿಯ ವಿಷಯದಲ್ಲಿ ನನ್ನ ಮಟ್ಟಿಗೆ ಮುಕ್ಕಾಲು ಪಾಲು ಉರಿಯದ್ದೇ. "ಇದರಲ್ಲಿ ಕಾಫಿ ಕಹಿ ಆಗುತ್ತೆ" ಅನ್ನುವವರ ಒಲೆ ನೋಡಿ, ಉರಿ ದೊಡ್ಡದಾಗಿಯೇ ಇರುತ್ತದೆ. ಸಣ್ಣ ಉರಿ ಇಟ್ಟು ಮುಚ್ಚಳ ತೆರೆದಿಡಿ. ಕಾಫಿ ಮೊದಲು ಕಪ್ಪಗೆ, ನಿಧಾನವಾಗಿ ಉಕ್ಕುತ್ತದೆ. ಆಮೇಲೆ ಬಣ್ಣ ತಿಳಿಯಾಗುತ್ತದೆ. ಗೊರಗೊರ ಸದ್ದು ಶುರುವಾಯಿತು ಅಂದರೆ ತಳದ ನೀರು ಕೊಳವೆಯ ತುದಿಗಿಂತ ಕೆಳಗಿಳಿದಿದೆ, ಹಬೆಯೂ ಸೇರಿ ನುಗ್ಗುತ್ತಿದೆ. ಕಹಿ ಹೆಚ್ಚಾಗಿ ಬರುವುದು ಅಲ್ಲಿಂದಲೇ. ಬಣ್ಣ ತಿಳಿಯಾಗುತ್ತಿದ್ದ ಹಾಗೇ ಇಳಿಸಿ, ತಳವನ್ನು ನಲ್ಲಿ ನೀರಿಗೆ ಹಿಡಿಯಿರಿ, ಹರಿವು ನಿಂತುಹೋಗುತ್ತದೆ. ತಳದಲ್ಲಿ ಸ್ವಲ್ಪ ನೀರು ಉಳಿದಿದ್ದರೆ ಚಿಂತೆ ಬೇಡ, ಅದು ಉಳಿಯಬೇಕಾದದ್ದೇ. ಉರಿ ತಳದ ಅಂಚು ದಾಟಿದರೆ ಪ್ಲಾಸ್ಟಿಕ್ ಹಿಡಿಯೂ ಕರಗೀತು.

ಕುಕ್ಕರ್ ಥರ ಇದಕ್ಕೂ ಗ್ಯಾಸ್ಕೆಟ್ಟೇ ಜೀವಾಳ. ಪಕ್ಕದಿಂದ ನೀರು, ಹಬೆ ಸೋರುತ್ತಿದ್ದರೆ ಮೊದಲು ಅಂಚಿನಲ್ಲಿ ಪುಡಿ ಅಂಟಿದೆಯಾ ನೋಡಿ. ಇಲ್ಲದಿದ್ದರೆ ರಬ್ಬರ್ ಗಟ್ಟಿಯಾಗಿದೆ ಅಂತ ಲೆಕ್ಕ. ಚಮಚದ ಹಿಡಿಯಿಂದ ಎಬ್ಬಿಸಿದರೆ ಗ್ಯಾಸ್ಕೆಟ್ಟಿನ ಜೊತೆ ಜರಡಿಯೂ ಹೊರಬರುತ್ತದೆ. ಆ ಜರಡಿಯ ಹಿಂಭಾಗ ಒಮ್ಮೆ ನೋಡಿ. ಹಳೇ ಕಾಫಿಯ ಜಿಡ್ಡೆಲ್ಲ ಅಲ್ಲೇ ಕೂತಿರುತ್ತದೆ! ಹೊಸದು ತರುವಾಗ ಅಳತೆಯ ಜೊತೆ ಮಾದರಿಯೂ ಹೊಂದಬೇಕು. ನನ್ನ ಆಯ್ಕೆ ಸಿಲಿಕೋನ್‌ನದು, ರಬ್ಬರಿಗಿಂತ ಜಾಸ್ತಿ ದಿನ ಬರುತ್ತದೆ.

ಸೋಪು ಮುಟ್ಟಿಸಲೇಬಾರದು ಅನ್ನುವ ಮಾತಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಜಿಡ್ಡು ಹಳತಾದರೆ ಕಮಟು ವಾಸನೆ ಬರುತ್ತದೆ. ಮೆತ್ತನೆ ಸ್ಪಂಜಿಗೆ ಒಂದು ಹನಿ ಸೋಪು ಹಾಕಿ ಉಜ್ಜಿ, ಚೆನ್ನಾಗಿ ತೊಳೆದರೆ ಏನೂ ಆಗುವುದಿಲ್ಲ. ಡಿಶ್‌ವಾಷರ್ ಮಾತ್ರ ಖಂಡಿತ ಬೇಡ, ಅದಕ್ಕೆ ಹಾಕುವ ಕ್ಷಾರದ ಸೋಪಿನ ಪುಡಿಗೆ ಅಲ್ಯೂಮಿನಿಯಂ ಕಪ್ಪಾಗಿ ಮಂಕಾಗುತ್ತದೆ. ತೊಳೆದ ಮೇಲೆ ಒರೆಸಿ, ಬಿಡಿಬಿಡಿಯಾಗಿ ಇಡಿ. ಒದ್ದೆಯಲ್ಲೇ ಬಿಗಿದಿಟ್ಟರೆ ಒಳಗೆ ಕಲೆ ಬೀಳುತ್ತದೆ, ಗ್ಯಾಸ್ಕೆಟ್ಟೂ ಸುಮ್ನೆ ಒತ್ತಿಕೊಂಡೇ ಇರುತ್ತದೆ. ಗಡಸು ನೀರಿನ ಬಿಳಿ ಪದರಕ್ಕೆ ನೀರಲ್ಲಿ ಸ್ವಲ್ಪ ವಿನೆಗರ್ ಬೆರೆಸಿ, ಪುಡಿ ಹಾಕದೆ ಒಂದು ಸಲ ಕುದಿಸಿದರೆ ಸಾಕು. ಆಮೇಲೆ ಬರೀ ನೀರಲ್ಲಿ ಇನ್ನೊಮ್ಮೆ. ವಾಲ್ವ್‌ನ ಬಾಯಿ ಕಟ್ಟಿಕೊಂಡಿಲ್ಲ ಅಂತ ಆಗಾಗ ನೋಡಿಕೊಳ್ಳಿ. ವಾಲ್ವ್‌ನಿಂದಲೇ ಹಬೆ ಚಿಮ್ಮಿದರೆ ಒಲೆ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ತಿರುಪು ಬಿಚ್ಚಬೇಡಿ.

ಗ್ಯಾಸ್ ಒಲೆ ಇರುವವರಿಗೆ ಅಲ್ಯೂಮಿನಿಯಂ ಸಾಕು. ಇಂಡಕ್ಷನ್ ಒಲೆಯಲ್ಲಿ ಬರೀ ಅಲ್ಯೂಮಿನಿಯಂ ಕಾಯುವುದಿಲ್ಲ. ಅದಕ್ಕೆ ಇಂಡಕ್ಷನ್‌ಗೆ ಹೊಂದುವ ಸ್ಟೀಲಿನದನ್ನೇ ತೆಗೆದುಕೊಳ್ಳಿ. ಒಲೆಗೂ ಪಾತ್ರೆಗೂ ನಡುವೆ ಇಡುವ ಕಬ್ಬಿಣದ ತಟ್ಟೆ ಸಿಗುತ್ತದೆ ನಿಜ, ಆದರೆ ಅದು ಕಾಯುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ.