ತೂತು ಕೂಡಿಸೋಕೆ ಯಾವ ಹತಾರ: ಅಂಗಡಿ ಪಾಡ್ಜರ್, ವೆಲ್ಡ್ ಪಾನಾ, ಲೇತ್ ಪಿನ್ನು

ತೋರಣಗಲ್ಲು, ಗಿಣಿಗೇರಾ ಕಡೆ ಶೆಡ್ಡು, ಕನ್ವೇಯರ್ ಗ್ಯಾಲರಿ ಎತ್ತುವಾಗ ಎಲ್ಲಕ್ಕಿಂತ ಹೆಚ್ಚು ಬೀಳೋದು ಎಂ20 ಅಂದರೆ 20 ಮಿಮೀ ದಪ್ಪದ ಬೋಲ್ಟು, 22 ಮಿಮೀ ತೂತು. ಕ್ರೇನಿಗೆ ನೇತಾಡೋ ಬೀಮು 5-6 ಮಿಮೀ ಅಡ್ಡ ನಿಂತರೆ ಸಾಕು, ಬೋಲ್ಟು ಒಳಗೆ ಹೋಗಲ್ಲ; ಎರಡೂ ಪ್ಲೇಟಿನ ತೂತು ಎದುರುಬದುರು ಕೂಡಿಸೋಕೆ ಹತಾರ ಬೇಕು. ಮೂರನ್ನೂ ಬಳಸಿದ ಮೇಲೆ ನನ್ನ ಓಟು ಲೇತ್‌ ಮೇಲೆ ಮಾಡಿಸಿದ ಪಿನ್ನಿಗೆ.

ಅಂಗಡಿ ಪಾಡ್ಜರ್, ಅಂದರೆ ಒಂದು ಕಡೆ ಪಾನಾ ಬಾಯಿ, ಇನ್ನೊಂದು ಕಡೆ ತೂತಿಗೆ ತೂರಿಸೋ ಚೂಪು ಬಾಲ ಇರೋ ಹತಾರ, ಕೆಟ್ಟದ್ದಲ್ಲ. ಒಂದೇ ತುಂಡಿನ ಫೋರ್ಜಿಂಗು, ಮುರಿಯೋ ಭಯ ಇಲ್ಲ. ತಕರಾರು ಬಾಲದ್ದು. ನಾನು ಕೊಂಡದ್ದರ ಬಾಲ ದಪ್ಪ ಜಾಗದಲ್ಲೂ 19 ಮಿಮೀ. 22ರ ತೂತಿನಲ್ಲಿ 3 ಮಿಮೀ ಆಟ ಉಳಿಯುತ್ತೆ. 20ರ ಬೋಲ್ಟು ಸಲೀಸಾಗಿ ಇಳಿಯಬೇಕಾದರೆ ಅಡ್ಡ 2 ಮಿಮೀ ಒಳಗಿರಬೇಕು. ಅಂದರೆ ಪಾಡ್ಜರ್ ಪೂರ್ತಿ ಹೊಕ್ಕರೂ ಬೋಲ್ಟಿನ ಥ್ರೆಡ್ಡು ಪ್ಲೇಟಿಗೆ ಕಚ್ಚಿಕೊಳ್ಳುತ್ತೆ. ಸುತ್ತಿಗೆಯಿಂದ ಹೊಡೆದು ಇಳಿಸಿದರೆ ಆಮೇಲೆ ನಟ್ಟು ಹತ್ತಲ್ಲ. ಕೊಳ್ಳುವಾಗ ಬಾಯಿಯ ಅಳತೆಯನ್ನೂ ನೋಡಿ. ಐಎಸ್ (ಭಾರತೀಯ ಮಾನಕ) 3757ರ ಸ್ಟ್ರಕ್ಚರಲ್ ಬೋಲ್ಟಿಗೆ 32, ಐಎಸ್ 1364ರ ಎಂ20ಗೆ 30. ಬೋಲ್ಟಿನ ತಲೆ ಮೇಲೆ 8.8 ಅಂತ ಬಲದ ದರ್ಜೆ ಕಂಡ ತಕ್ಷಣ 32 ಅಂದುಕೊಳ್ಳಬೇಡಿ. 30ರ ನಟ್ಟಿಗೆ 32ರ ಪಾನಾ ಹಾಕಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತೆ.

ರಿಂಗ್ ಪಾನಾ ಕತ್ತರಿಸಿ ರಾಡು ವೆಲ್ಡ್ ಮಾಡಿಸೋದು ಅರ್ಧ ಬೆಲೆಗೆ ಆಗುತ್ತೆ. ಬೇಡ. ಕ್ರೋಮ್ ವನೇಡಿಯಂ ಪಾನಾ ವೆಲ್ಡಿಂಗ್ ಶಾಖಕ್ಕೆ ಬೆಸುಗೆಯ ಪಕ್ಕದಲ್ಲೇ ಗಡುಸಾಗಿ ಪೆಳಸಾಗುತ್ತೆ. ಮೀಟುವಾಗ ಮೈಭಾರವೆಲ್ಲ ಬೀಳೋದು ಅದೇ ಜಾಗಕ್ಕೆ. ಮೊದಲು ಕೂದಲೆಳೆ ಬಿರುಕು, ಆಮೇಲೆ ಒಂದು ದಿನ ಟಕ್ ಅಂತ ಎರಡು ತುಂಡು. ಒಂದು ತುಂಡು ಕೆಳಗಿದ್ದವರ ಕಡೆ, ಮೀಟುತ್ತಿದ್ದವನು ಬೆಲ್ಟಿಗೆ ಜೋತು.

ಇನ್ನು ಪಿನ್ನು. 25 ಮಿಮೀ ಇಎನ್8 (ಮಧ್ಯಮ ಕಾರ್ಬನ್ ಉಕ್ಕು) ರಾಡು, 400 ಮಿಮೀ ಉದ್ದ. ತುದಿ 8 ಮಿಮೀ, ಅಲ್ಲಿಂದ 200 ಮಿಮೀ ಉದ್ದಕ್ಕೆ ಓರೆಯಾಗಿ 21.5ಕ್ಕೆ ಏರಬೇಕು. ಮುಂದಿನ 60 ಮಿಮೀ 21.5ರಲ್ಲೇ ನೇರ. ತೂತು ಕೂಡಿಸೋದು ಓರೆ, ಕೂಡಿದ್ದನ್ನು ಹಿಡಿದಿಡೋದು ಈ ನೇರ ಭಾಗ. ಉಳಿದ 140 ಮಿಮೀ ರಾಡಿನ ಮೂಲ ದಪ್ಪ, ಹಾಗಾಗಿ ತೂತಿನಿಂದ ಆಚೆ ಜಾರಿ ಬೀಳಲ್ಲ. ತಯಾರಾದಾಗ ಸುಮಾರು 1 ಕೆಜಿ.

ಇದರ ಕಾಟ ಒಂದೇ: ಕಚ್ಚಿಕೊಳ್ಳುತ್ತೆ. ಬೀಮಿನ ಭಾರ ಪಿನ್ನಿನ ಮೇಲೆ ಕೂತರೆ ತುದಿಗೆ ಎಷ್ಟು ಹೊಡೆದರೂ ಬರಲ್ಲ, ತುದಿ ಅಣಬೆ ಥರ ಹರಡಿಕೊಳ್ಳುತ್ತೆ ಅಷ್ಟೇ. ಓರೆ ಗಿಡ್ಡ ಮಾಡಿಸಿದರೆ ಬೇಗ ಬಿಡುತ್ತೆ ನಿಜ, ಆದರೆ ಗ್ರೀಸ್ ತಾಗಿದಾಗ ಬೇಡದ ಹೊತ್ತಿನಲ್ಲೂ ಹೊರಗೆ ಚಿಮ್ಮುತ್ತೆ. ನಾನು ಮಾಡಿಸಿದ ಉಪಾಯ: ದಪ್ಪ ಭಾಗದಲ್ಲಿ ಎದುರುಬದುರು ಎರಡು ಚಪ್ಪಟೆ ಮೈ, ನಡುವೆ 19 ಮಿಮೀ. 19ರ ಪಾನಾ ಅದಕ್ಕೆ ಕೂರುತ್ತೆ. ಮೊದಲು ಉಳಿದ ತೂತುಗಳಿಗೆ ಬೋಲ್ಟು ಹಾಕಿ ನಟ್ಟು ಕೂರಿಸಿ, ಭಾರ ಅವುಗಳ ಮೇಲೆ ಇಳಿಯಲಿ. ಆಮೇಲೆ ಪಿನ್ನನ್ನು ಪಾನಾ ಹಾಕಿ ಆ ಕಡೆ ಈ ಕಡೆ ತಿರುಗಿಸಿ, ಹಿಡಿತ ಬಿಟ್ಟ ಮೇಲೆ ತುದಿಗೆ ಒಂದೇ ಪೆಟ್ಟು.

ತೂತು ಕೂಡಿತಾ ಅಂತ ಬೆರಳು ಹಾಕಿ ನೋಡೋರು ಈಗಲೂ ಇದ್ದಾರೆ. ಬೀಮು ಒಂದು ಸಲ ಅಲುಗಿದರೆ ಬೆರಳು ಹೋಯಿತು.

ಪಿನ್ನಿಗೆ ನೀರು ಕುಡಿಸಬೇಡಿ, ಅಂದರೆ ಕೆಂಪಗೆ ಕಾಸಿ ನೀರಲ್ಲಿ ಅದ್ದಿ ಗಡುಸು ಮಾಡಿಸಬೇಡಿ, ಕುಲುಮೆಯವರು ಎಷ್ಟೇ ಹೇಳಲಿ. ಲಾರಿ ಪಾಟಾದಿಂದ (ಸ್ಪ್ರಿಂಗ್ ಪಟ್ಟಿ) ಬಡಿದು ಗಡುಸು ಮಾಡಿದ ಪಿನ್ನು ಸುತ್ತಿಗೆ ಏಟಿಗೆ ಚಕ್ಕೆ ಹಾರಿಸುತ್ತೆ. ಅನುಮಾನ ಬಂದರೆ ಅರ ಉಜ್ಜಿ ನೋಡಿ: ಪುಡಿ ಬಿದ್ದರೆ ಸರಿ, ಗಾಜಿನ ಮೇಲೆ ಜಾರಿದಂಗೆ ಜಾರಿದರೆ ಬದಿಗಿಡಿ. ತಲೆಯ ಅಂಚು 3 ಮಿಮೀ ಓರೆ ಇರಲಿ, ಅಣಬೆ ಎದ್ದಾಗಲೆಲ್ಲ ಗ್ರೈಂಡ್ ಮಾಡಿ. ಹಗ್ಗ ಕಟ್ಟೋಕೆ ತೂತು ಕೊರೆಯೋದರ ಬದಲು ತಲೆಯಿಂದ ಒಂದು ಇಂಚು ಕೆಳಗೆ ದುಂಡು ತಳದ ಕಚ್ಚು ಹಾಕಿಸಿ. ಚೂಪು ಮೂಲೆಯ ಕಚ್ಚಿನಿಂದ ಬಿರುಕು ಶುರುವಾಗುತ್ತೆ. ಚೀಲಕ್ಕೆ ಬಳ್ಳಾರಿ ಜೀನ್ಸ್ ಕಟಿಂಗಿನ ತುಂಡು ಎರಡು ಪದರ ಸಾಕು, ಬೇಸಿಗೆಯಲ್ಲಿ ಕಾದ ಕಬ್ಬಿಣ ತೊಡೆಗೆ ಸುಡಲ್ಲ.

ನಟ್ಟು ಬಿಗಿಯೋಕೆ ಬೇರೆ ಪಾನಾ ಒಯ್ಯಬೇಕು, ಅದು ನಿಜ. ಜೇಬಿಗೆ ಒಂದೇ ಹತಾರ ಸಾಕು ಅನ್ನೋರು ಪಾಡ್ಜರ್ ತಗೊಳ್ಳಿ. ನಾನು ಒಂದು ಜಾಯಿಂಟಿಗೆ ಎರಡು ಪಿನ್ನು ಲೆಕ್ಕ ಹಾಕಿ ನಾಲ್ಕು ಮಾಡಿಸಿದೆ. ಎಂ24 ಬಂದರೆ ತೂತು 26, ನೇರ ಭಾಗ 25.5, ರಾಡು 30ರದ್ದು ತರಬೇಕು.