ಕಡಲ ದಡವೋ, ಅಡಿಕೆ ತೋಟವೋ: ಎರಡೂ ಕಡೆ ಎರಡೆರಡು ರಾತ್ರಿ ಉಳಿದು ನೋಡಿದೆವು

ಮಕ್ಕಳಿಗೆ ಕ್ರಿಸ್‌ಮಸ್ ರಜೆ ಬಂದಿತ್ತು. ಕರಾವಳಿಗೆ ಹೋಗೋದು ಅಂತ ಎಲ್ಲರೂ ಒಪ್ಪಿದ್ದರು. ಎಲ್ಲಿ ಉಳಿಯೋದು ಅನ್ನುವಾಗ ಮಾತ್ರ ಮನೆಯಲ್ಲಿ ಎರಡು ಪಕ್ಷ ಆಯಿತು. ಮಕ್ಕಳಿಗೂ ನನ್ನ ಗಂಡನಿಗೂ ಬಾಗಿಲು ತೆಗೆದರೆ ಅಲೆ ಕಾಣಬೇಕು. ಅತ್ತೆಗೆ ನೆರಳು, ಹೊತ್ತಿಗೆ ಸರಿಯಾಗಿ ಅನ್ನ ಇದ್ದರೆ ಸಾಕು. ಜಗಳ ಬೇಡ ಅಂತ ನಾನು ಎರಡನ್ನೂ ಬುಕ್ ಮಾಡಿದೆ. ಮೊದಲು ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಕಾಟೇಜು, ಆಮೇಲೆ ಕುಮಟಾ–ಶಿರಸಿ ರಸ್ತೆಯಲ್ಲಿ ಕತಗಾಲದ ಆಚೆ ಒಂದು ತೋಟದ ಮನೆ. ಬೆಂಗಳೂರಲ್ಲಿ ಸಂಜೆ ಪಂಚಗಂಗಾ ರೈಲು ಹತ್ತಿದೆವು, ಇನ್ನೂ ಕತ್ತಲಿರುವಾಗಲೇ ಉಡುಪಿಯಲ್ಲಿ ಇಳಿದೆವು.

ಕೋಡಿ ಬೆಂಗ್ರೆ ಒಂದು ಸಪೂರ ನೆಲದ ಪಟ್ಟಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ತುದಿಗೆ ಹೋದರೆ ಸುವರ್ಣಾ, ಸೀತಾ ಎರಡೂ ಸಮುದ್ರ ಸೇರುವ ಅಳಿವೆ. ಮೊದಲ ಬೆಳಗ್ಗೆ ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದರು. ಉದ್ದನೆಯ ಬಲೆ, ಎರಡು ತುದಿಗೂ ಹಗ್ಗ, ಒಂದೊಂದು ಹಗ್ಗಕ್ಕೆ ಹತ್ತು ಹನ್ನೆರಡು ಜನ. ಮಕ್ಕಳು ನಿಂತು ನೋಡುತ್ತಿದ್ದದ್ದನ್ನು ಕಂಡು ಒಬ್ಬರು, 'ಬನ್ನಿ, ಹಗ್ಗ ಹಿಡೀರಿ' ಅಂದರು. ಮಗಳು ಹಗ್ಗ ಹಿಡಿದು ಮರಳಲ್ಲಿ ಹಿಂದೆ ಹಿಂದೆ ನಡೆದಳು. ಅರ್ಧ ಗಂಟೆ ಆದ ಮೇಲೆ ಬಲೆ ಮೇಲೆ ಬಂತು. ಭೂತಾಯಿ, ಒಂದಿಷ್ಟು ಬಂಗುಡೆ, ಎರಡು ಏಡಿ. ಅವಳ ಅಂಗೈಯಲ್ಲಿ ಹಗ್ಗದ ಗೆರೆ ಮಧ್ಯಾಹ್ನದವರೆಗೂ ಕೆಂಪಗೆ ಇತ್ತು. ಇಂಥದ್ದು ಯಾವ ತೋಟದಲ್ಲೂ ಸಿಗಲ್ಲ, ಒಪ್ಪಿಕೊಳ್ಳುತ್ತೇನೆ.

ಆದರೆ ಹತ್ತೂವರೆ ಆಗುತ್ತಿದ್ದಂತೆ ಕಥೆ ಬದಲಾಯಿತು. ಮರಳು ಕಾದು ಕಾಲಿಡೋಕೆ ಆಗಲ್ಲ. ಡಿಸೆಂಬರಿನಲ್ಲೇ ಹೀಗಾದರೆ ಮೇ ತಿಂಗಳಲ್ಲಿ ಹೇಗೋ! ಕಾಟೇಜಿಗೆ ತಗಡಿನ ಮಾಡು, ಎದುರಿಗೆ ಎರಡು ಎಳೇ ತೆಂಗಿನ ಗಿಡ, ಅಷ್ಟೇ. ಹನ್ನೊಂದರಿಂದ ನಾಲ್ಕರವರೆಗೆ ಎಸಿ ಹಾಕಿಕೊಂಡು, ಪರದೆ ಎಳೆದುಕೊಂಡು, ಮೊಬೈಲ್ ನೋಡುತ್ತಾ ಕೂತೆವು. ಅದಕ್ಕೆ ಇಷ್ಟು ದೂರ ಬರಬೇಕಿತ್ತಾ ಅಂತ ಅತ್ತೆ ಕೇಳಿದ್ದು ಸರಿಯಾಗೇ ಇತ್ತು. ನಲ್ಲಿ ನೀರು ಬೇರೆ ಸ್ವಲ್ಪ ಉಪ್ಪು. ಎಷ್ಟು ಸೋಪು ಹಚ್ಚಿದರೂ ನೊರೆ ಬರಲ್ಲ, ಮೈಯ ಅಂಟು ಹೋಗಲ್ಲ. ಗೀಸರ್ ಎರಡು ಬಕೆಟ್ ಆದ ಮೇಲೆ ತಣ್ಣಗೆ. ಇನ್ನೊಂದು ಮಾತು: ಅಳಿವೆಯಲ್ಲಿ ಸೆಳೆತ ಜೋರು. ಅಲ್ಲಿ ಮಕ್ಕಳನ್ನು ನೀರಿಗೆ ಬಿಡಲೇಬೇಡಿ. ಆಟಕ್ಕೆ ಒಂದು ಕಿಲೋಮೀಟರ್ ಈಚೆಗೆ ಬನ್ನಿ.

ಊಟ ಮಾತ್ರ ಭರ್ಜರಿ. ಕಾಣೆ ಫ್ರೈ, ಬಂಗುಡೆ ಪುಳಿಮುಂಚಿ. ಗಂಡ ಎರಡು ದಿನ ಬೇರೇನೂ ಮಾತಾಡಲಿಲ್ಲ.

ಮೂರನೇ ದಿನ ಎನ್‌ಎಚ್ 66 ಹಿಡಿದು ಉತ್ತರಕ್ಕೆ ಹೊರಟೆವು. ಮರವಂತೆಯಲ್ಲಿ ಎಲ್ಲರೂ ಮಾಡೋ ಹಾಗೆ ಕಾರು ನಿಲ್ಲಿಸಿ, ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಅಂತ ಫೋಟೋ ತೆಗೆದದ್ದಾಯಿತು. ಕುಮಟಾ ದಾಟಿ ಒಳಗೆ ತಿರುಗಿ ಅರ್ಧ ಗಂಟೆಗೆ ತೋಟ. ಅಂಗಳ ತುಂಬ ಅಡಿಕೆ ಹರವಿದ್ದರು, ಕಾಲಿಡೋಕೆ ಜಾಗ ಇಲ್ಲ. ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದರೆ ಚಾಲಿ, ಹಸಿಯಲ್ಲೇ ಸುಲಿದು ಬೇಯಿಸಿದರೆ ಕೆಂಪಡಿಕೆ. ಇಷ್ಟನ್ನು ಮಗ ಹತ್ತು ನಿಮಿಷದಲ್ಲಿ ಕಲಿತು ನಮಗೆ ಪಾಠ ಹೇಳಿದ.

ಬಂದ ತಕ್ಷಣ ಆ ಮನೆಯ ಅಮ್ಮ, 'ನೀರು ಕಾದಿದೆ, ಮೊದಲು ಸ್ನಾನ ಮಾಡ್ಕಂಡು ಬನ್ನಿ' ಅಂದರು. ಬಚ್ಚಲಲ್ಲಿ ಮಸಿ ಹಿಡಿದ ತಾಮ್ರದ ಹಂಡೆ. ಹೊರಗಿನಿಂದ ಒಲೆಗೆ ಅಡಿಕೆ ಸಿಪ್ಪೆ ತುರುಕುತ್ತಾರೆ. ನೀರಿಗೆ ಒಂಚೂರು ಹೊಗೆಯ ವಾಸನೆ. ಐದು ಜನ ಮಿಂದರೂ ಹಂಡೆ ಖಾಲಿ ಆಗಲಿಲ್ಲ. ಎರಡು ದಿನದ ಉಪ್ಪೆಲ್ಲ ಅಲ್ಲೇ ಇಳಿಯಿತು.

ಇಲ್ಲಿ ಮಧ್ಯಾಹ್ನ ಅನ್ನೋದು ಕಷ್ಟವೇ ಅಲ್ಲ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಅನ್ನ. ಆಮೇಲೆ ಜಗುಲಿಯ ಮೇಲೆ ಚಾಪೆ. ಮಕ್ಕಳು ಅಡಿಕೆ ಹಾಳೆಯ ಮೇಲೆ ಒಬ್ಬರನ್ನೊಬ್ಬರು ಎಳೆದಾಡಿಕೊಂಡು ತೋಟದಲ್ಲಿದ್ದರು. ನೆಟ್‌ವರ್ಕ್ ಸಿಗೋದು ಮನೆ ಹಿಂದಿನ ಗುಡ್ಡ ಹತ್ತಿದರೆ ಮಾತ್ರ. ಮೊಬೈಲ್ ಕೊಡು ಅಂತ ಯಾರೂ ಕೇಳಲಿಲ್ಲ. ಬೆಳಗ್ಗೆ ತಿಂಡಿಗೆ ತೆಳ್ಳೇವು, ಅಂದರೆ ನಮ್ಮ ನೀರು ದೋಸೆ. ಕಾಯಿಚಟ್ನಿಯ ಜೊತೆ ಅತ್ತೆ ಏಳು ತಿಂದರು. ನಾನು ಎಣಿಸಿದೆ.

ಹಾಗಂತ ಎಲ್ಲ ಚೆಂದ ಅಂತಲ್ಲ. ಶೌಚಾಲಯ ಅಂಗಳದಾಚೆ, ಐದು ಮೆಟ್ಟಿಲು ಇಳಿದು ಹೋಗಬೇಕು. ಮಂಡಿನೋವಿನ ಅತ್ತೆಯನ್ನು ರಾತ್ರಿ ಟಾರ್ಚ್ ಹಿಡಿದು ಕರೆದುಕೊಂಡು ಹೋಗೋದು ನನ್ನ ಕೆಲಸ ಆಯಿತು. ಬುಕ್ ಮಾಡುವಾಗ ನಾನೇ ಕೇಳಲಿಲ್ಲ, ನೀವು ಕೇಳಿ. ಗೋಡೆ ಮೇಲೆ ಅಂಗೈಯಗಲದ ಜೇಡ ಕಂಡು ಮಗಳು ಕಿರುಚಿದ್ದಕ್ಕೆ ಮನೆಯವರೆಲ್ಲ ಎದ್ದು ಬಂದರು. ಮೀನು, ಮೊಟ್ಟೆ ಕೇಳಲೇಬೇಡಿ. ಮಳೆಗಾಲದಲ್ಲಾದರೆ ಇಂಬಳದ, ಅಂದರೆ ಜಿಗಣೆಯ ಕಾಟ ಬೇರೆ. ಆಗ ಕಡಲ ಕಡೆಯೂ ಏನೂ ಲಾಭ ಇಲ್ಲ: ನೀರಿಗಿಳಿಯುವಂತಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ.

ಸುತ್ತಾಟಕ್ಕೆ ಎರಡೂ ಕಡೆ ಕೊರತೆ ಇಲ್ಲ. ಅಲ್ಲಿ ಸಾಲಿಗ್ರಾಮದ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕಿಂಗ್, ಮಲ್ಪೆ. ಇಲ್ಲಿ ಯಾಣದ ಕಪ್ಪು ಶಿಖರಗಳು, ಮಿರ್ಜಾನ್ ಕೋಟೆ. ಯಾಣಕ್ಕೆ ಅತ್ತೆ ಬರಲಿಲ್ಲ, ಜಗುಲಿ ಬಿಡೋಕೆ ಮನಸ್ಸಿರಲಿಲ್ಲ ಅನ್ನಿ.

ದುಡ್ಡಿನ ಲೆಕ್ಕ: ಕಾಟೇಜಲ್ಲಿ ಎರಡು ರೂಮಿಗೆ ದಿನಕ್ಕೆ 5,000, ಊಟ ಬೇರೆ. ಅದೇ ಸುಮಾರು 2,500 ಆಯಿತು. ತೋಟದ ಮನೆಯಲ್ಲಿ ತಲೆಗೆ 1,600, ಮಕ್ಕಳಿಗೆ ಅರ್ಧ, ಊಟ ತಿಂಡಿ ಎಲ್ಲ ಸೇರಿ. ಐದು ಜನಕ್ಕೆ ದಿನಕ್ಕೆ 6,400.

ಸಮುದ್ರ ನಮಗೆ ಬೇಕಾಗೋದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಉಳಿದ ಇಪ್ಪತ್ತು ಗಂಟೆ ಎಲ್ಲಿರಬೇಕು ಅಂತ ಕೇಳಿದರೆ ನನ್ನ ವೋಟು ತೋಟಕ್ಕೆ. ಅಲ್ಲಿಂದ ಕುಮಟಾದ ದಡಕ್ಕೆ ಸಂಜೆ ಕಾರಲ್ಲಿ ಹೋಗಿ ಬರಬಹುದು, ನಾವು ಕೊನೆಯ ದಿನ ಹಾಗೇ ಮಾಡಿದೆವು. ಮುಂದಿನ ವರ್ಷಕ್ಕೆ ಒಪ್ಪಂದ ಆಗಿದೆ: ಮೂರು ರಾತ್ರಿ ತೋಟ, ಒಂದೇ ರಾತ್ರಿ ಕಡಲು, ಅದೂ ಮೊದಲೇ. ಶೌಚಾಲಯ ರೂಮಿಗೆ ಹೊಂದಿಕೊಂಡಿರಬೇಕು ಅಂತ ನನ್ನ ಷರತ್ತು. ದಾರಿಯಲ್ಲಿ ಹೊನ್ನಾವರದಲ್ಲಿ ಮೀನೂಟಕ್ಕೆ ನಿಲ್ಲಿಸಬೇಕು ಅಂತ ಗಂಡನದು.